ಮೋಟಾರ್‌ಸೈಕಲ್ಲಿನ ಅಂತಿಮ ಚಾಲನಾ ಬೆಲ್ಟ್: ಬದಲಾವಣೆ ಮತ್ತು ಸುಧಾರಣೆ

ಗೇರ್‌ಬಾಕ್ಸಿನ ಶಕ್ತಿಯನ್ನು ಹಿಂಚಕ್ರಕ್ಕೆ ಮುಟ್ಟಿಸುವ, ಒಳಮೈಯಲ್ಲಿ ಸಾಲಾಗಿ ಹಲ್ಲುಗಳಿರುವ, ಎಲ್ಲೂ ಜೋಡಣೆಯಿಲ್ಲದ ಪಟ್ಟಿಯೇ ಅಂತಿಮ ಚಾಲನಾ ಬೆಲ್ಟ್. ಚೈನು, ಶಾಫ್ಟು ಬಿಟ್ಟರೆ ಈ ಕೆಲಸಕ್ಕೆ ಬಳಕೆಯಲ್ಲಿರುವ ಮೂರನೆಯ ಉಪಾಯ ಇದು. ಮುಂದೆ ಗೇರ್‌ಬಾಕ್ಸಿನ ದಂಡಕ್ಕೆ ಕೂತ ಸಣ್ಣ ಪುಲ್ಲಿ, ಹಿಂದೆ ಚಕ್ರದ ಗುಂಭಕ್ಕೆ ಬೋಲ್ಟ್ ಆದ ದೊಡ್ಡ ಪುಲ್ಲಿ. ಎರಡರ ಹಲ್ಲಿನ ಸಂಖ್ಯೆಯ ಅನುಪಾತವೇ ವಾಹನದ ಅಂತಿಮ ಗೇರು. ಗೇರಿಲ್ಲದ ಪೆಟ್ರೋಲ್ ಸ್ಕೂಟರುಗಳ ಮುಚ್ಚಳದೊಳಗೆ ತಿರುಗುವ ವಿ-ಬೆಲ್ಟನ್ನು ಇದರೊಂದಿಗೆ ಬೆರೆಸಬಾರದು. ಅದಕ್ಕೆ ಹಲ್ಲಿನ ಹಿಡಿತವಿಲ್ಲ. ತಿಕ್ಕಾಟದ ಬಲದಿಂದ ಓಡುತ್ತ, ಓಡುತ್ತಲೇ ಅನುಪಾತ ಬದಲಿಸುವ ವ್ಯವಸ್ಥೆ ಅದು.

ಹಲ್ಲಿನ ಬೆಲ್ಟಿಗೆ ಎಣ್ಣೆ ಬೇಡ, ತುಕ್ಕು ಹಿಡಿಯದು, ಸದ್ದು ಕಡಿಮೆ, ಚೈನಿಗಿಂತ ತೂಕವೂ ಕಡಿಮೆ. ಸರಿಯಾಗಿ ನೋಡಿಕೊಂಡರೆ ಚೈನಿನ ಆಯಸ್ಸಿನ ಹಲವು ಪಟ್ಟು ಬಾಳುತ್ತದೆ. ಇಷ್ಟು ಗುಣಗಳಿದ್ದೂ ಅದು ಎಲ್ಲ ಬೈಕುಗಳಿಗೂ ಬರದಿರುವುದಕ್ಕೆ ಒಂದು ಮುಖ್ಯ ಕಾರಣವಿದೆ: ಚೈನನ್ನು ಕೊಂಡಿ ಕಳಚಿ ಬಿಚ್ಚಬಹುದು, ಬೆಲ್ಟನ್ನು ಬಿಚ್ಚಲಾಗದು. ಬದಲಾವಣೆಯ ಶ್ರಮ, ಸುಧಾರಣೆಯ ಮಿತಿ, ದಾರಿಯಲ್ಲಿ ಕೈಕೊಟ್ಟಾಗಿನ ಪಾಡು ಮೂರೂ ಅಲ್ಲಿಂದಲೇ ಹುಟ್ಟುತ್ತವೆ.

ಹಿನ್ನೆಲೆ

ಇಪ್ಪತ್ತನೆಯ ಶತಮಾನದ ಆರಂಭದ ಮೋಟಾರ್‌ಸೈಕಲ್ಲುಗಳಲ್ಲಿ ಬಹುಪಾಲು ಬೆಲ್ಟಿನಿಂದಲೇ ಓಡುತ್ತಿದ್ದವು. ಹಾರ್ಲೆ-ಡೇವಿಡ್ಸನ್ನಿನ ಮೊದಲ ಗಾಡಿಗಳಲ್ಲಿದ್ದದ್ದು ಚರ್ಮದ ಚಪ್ಪಟೆ ಪಟ್ಟಿ. ಬ್ರಿಟನ್ನಿನಲ್ಲಿ ರಬ್ಬರು ಮತ್ತು ಬಟ್ಟೆ ಸೇರಿಸಿ ಮಾಡಿದ ವಿ-ಆಕಾರದ ಬೆಲ್ಟು ಹೆಚ್ಚು ರೂಢಿಯಲ್ಲಿತ್ತು. 1914ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಸೀನಿಯರ್ ಟಿಟಿ ಓಟವನ್ನು ಸಿರಿಲ್ ಪುಲಿನ್ ಗೆದ್ದದ್ದು ರಡ್ಜ್ ಮಲ್ಟಿ ಎಂಬ ಬೈಕಿನಲ್ಲಿ. ಪುಲ್ಲಿಯ ಅಗಲವನ್ನು ಹಿಗ್ಗಿಸಿ ಕುಗ್ಗಿಸಿ ಬೆಲ್ಟಿನ ಮೂಲಕವೇ ಗೇರು ಬದಲಿಸುವ ಯಂತ್ರ ಅದು. ಮರುವರ್ಷ ಬಂದು ಮೊದಲ ಮಹಾಯುದ್ಧದಲ್ಲಿ ಸೈನ್ಯದ ಸಂದೇಶವಾಹಕರನ್ನು ಹೊತ್ತ ಟ್ರಯಂಫ್ ಮಾಡೆಲ್ ಎಚ್‌ಗೂ ಹಿಂಚಕ್ರಕ್ಕೆ ಬೆಲ್ಟೇ ಇತ್ತು. ಮಳೆ ಬಂದರೆ ಈ ಬೆಲ್ಟುಗಳೆಲ್ಲ ಜಾರುತ್ತಿದ್ದವು, ಹಿಗ್ಗುತ್ತಿದ್ದವು. ಎಂಜಿನ್ನಿನ ಬಲ ಏರಿದಂತೆ ಚೈನು ಆ ಜಾಗವನ್ನು ಆಕ್ರಮಿಸಿತು. 1920ರ ದಶಕ ಮುಗಿಯುವಷ್ಟರಲ್ಲಿ ಬೆಲ್ಟ್ ಬಹುತೇಕ ಮರೆಯಾಗಿತ್ತು.

ಅದು ಮರಳಿ ಬಂದದ್ದು ಹಲ್ಲು ಮೂಡಿಸಿಕೊಂಡು. ಮುಂದೆ ಯುನಿರಾಯಲ್ ಎನಿಸಿದ ಅಮೆರಿಕದ ಕಂಪನಿಯ ರಿಚರ್ಡ್ ಕೇಸ್ 1940ರ ದಶಕದಲ್ಲಿ ಹೊಲಿಗೆ ಯಂತ್ರಕ್ಕಾಗಿ ಹಲ್ಲಿನ ಬೆಲ್ಟನ್ನು ರೂಪಿಸಿದರು. 1962ರಲ್ಲಿ ಜರ್ಮನಿಯ ಗ್ಲಾಸ್ 1004 ಕಾರು ಕ್ಯಾಮ್‌ಶಾಫ್ಟ್ ತಿರುಗಿಸಲು ಅದನ್ನು ಬಳಸಿತು. ಹಿಂಚಕ್ರದ ಎಳೆತವನ್ನು ತಾಳಬಲ್ಲ ಬೆಲ್ಟಿಗೆ ಮಾತ್ರ ಇನ್ನೂ ಕಾಯಬೇಕಾಯಿತು. ಡೆನ್ವರ್ ನಗರದ ಗೇಟ್ಸ್ ಕಂಪನಿ ಅರಾಮಿಡ್ ಎಂಬ ಗಟ್ಟಿ ಕೃತಕ ನಾರನ್ನು ಒಳಗಿಟ್ಟು ಪಾಲಿಯುರೆಥೇನ್ ಬೆಲ್ಟ್ ತಯಾರಿಸಿದ ಮೇಲೆ ದಾರಿ ತೆರೆಯಿತು. 1980ರಲ್ಲಿ ಹಾರ್ಲೆ-ಡೇವಿಡ್ಸನ್ ಎಫ್‌ಎಕ್ಸ್‌ಬಿ ಸ್ಟರ್ಜಿಸ್ ಮಾದರಿಯನ್ನು ಹೊರತಂದಿತು. ದಕ್ಷಿಣ ಡಕೋಟದಲ್ಲಿ ಬೈಕ್ ಸವಾರರ ಜಾತ್ರೆ ನಡೆಯುವ ಊರಿನ ಹೆಸರು ಹೊತ್ತ, 1340 ಸಿಸಿ ಎಂಜಿನ್ನಿನ ಈ ಕರಿಬಣ್ಣದ ಗಾಡಿಯಲ್ಲಿ ಎಂಜಿನ್ನಿನಿಂದ ಕ್ಲಚ್ಚಿಗೊಂದು, ಗೇರ್‌ಬಾಕ್ಸಿನಿಂದ ಚಕ್ರಕ್ಕೊಂದು ಎಂದು ಎರಡು ಬೆಲ್ಟುಗಳಿದ್ದವು. ಮೊದಲನೆಯದು ಹೆಚ್ಚು ಕಾಲ ಉಳಿಯಲಿಲ್ಲ, ಎರಡನೆಯದು ನೆಲೆಯೂರಿತು. 1991ರಲ್ಲಿ ಕೆಲವು ಸ್ಪೋರ್ಟ್‌ಸ್ಟರ್ ಮಾದರಿಗಳಿಗೂ ಅದು ಬಂತು. 1993ರ ಹೊತ್ತಿಗೆ ಕಂಪನಿಯ ಇಡೀ ಸಾಲು ಬೆಲ್ಟಿಗೆ ತಿರುಗಿತ್ತು.

ಬೇರೆಯವರೂ ಸುಮ್ಮನಿರಲಿಲ್ಲ. 1980ರ ದಶಕದ ಮೊದಲಲ್ಲಿ ಕವಾಸಕಿಯ 440 ಎಲ್‌ಟಿಡಿ, 1986ರಿಂದ ಸುಜುಕಿ ಸ್ಯಾವೇಜ್ 650, ಆಮೇಲೆ ಬ್ಯುಯೆಲ್, ವಿಕ್ಟರಿ, ಇಂದಿನ ಇಂಡಿಯನ್, ಯಮಾಹಾದ ಕ್ರೂಸರುಗಳು, 2006ರ ಬಿಎಂಡಬ್ಲ್ಯು ಎಫ್ 800 ಎಸ್ ಮತ್ತು ಎಸ್‌ಟಿ ಎಲ್ಲವೂ ಬೆಲ್ಟ್ ಹಾಕಿಕೊಂಡವು. ಬಿಎಂಡಬ್ಲ್ಯು ಇದೇ ಎಂಜಿನ್ನಿನ ಕುಟುಂಬದಲ್ಲಿ ಕಲ್ಲುದಾರಿಗೆಂದು ಮಾಡಿದ ಎಫ್ 800 ಜಿಎಸ್‌ಗೆ ಚೈನನ್ನೇ ಕೊಟ್ಟಿತು. ಬೆಲ್ಟಿಗೆ ಯಾವ ದಾರಿ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಭಾರತದಲ್ಲಿ ಬೆಲ್ಟಿನ ಬೈಕು ಬೀದಿಗೆ ಬಂದದ್ದು ಮುಖ್ಯವಾಗಿ ಹರಿಯಾಣದ ಬಾವಲ್‌ನಲ್ಲಿದ್ದ ಹಾರ್ಲೆ-ಡೇವಿಡ್ಸನ್ ಕಾರ್ಖಾನೆಯಿಂದ. ಅಲ್ಲಿ ಜೋಡಣೆಯಾದ ಐರನ್ 883, 2014ರಿಂದ ಮಾರಾಟವಾದ ಸ್ಟ್ರೀಟ್ 750 ಎರಡಕ್ಕೂ ಬೆಲ್ಟ್ ಚಾಲನೆ. 2020ರಲ್ಲಿ ಹಾರ್ಲೆ-ಡೇವಿಡ್ಸನ್ ಇಲ್ಲಿನ ತಯಾರಿಕೆ ನಿಲ್ಲಿಸಿ ಮಾರಾಟ ಮತ್ತು ಸೇವೆಯನ್ನು ಹೀರೋ ಮೋಟೊಕಾರ್ಪ್‌ಗೆ ವಹಿಸಿತು. 2023ರಲ್ಲಿ ಬಂದ ಎಕ್ಸ್440 ಚೈನಿನ ಗಾಡಿ. ಅಂದರೆ ಹಳೆಯ ಸ್ಟ್ರೀಟ್, ಐರನ್ ಇಟ್ಟುಕೊಂಡವರಿಗೆ ಬೆಲ್ಟ್ ಬದಲಿಸುವ ಪ್ರಶ್ನೆ ಈಗಷ್ಟೇ ಎದುರಾಗುತ್ತಿದೆ. ಇನ್ನೊಂದು ಕಡೆ ಎಲೆಕ್ಟ್ರಿಕ್ ವಾಹನಗಳು ಬೆಲ್ಟಿಗೆ ಹೊಸ ಬಾಳು ಕೊಟ್ಟಿವೆ: ಕ್ಯಾಲಿಫೋರ್ನಿಯಾದ ಜೀರೋ ಬೈಕುಗಳಲ್ಲಿ, ಬೆಂಗಳೂರಿನ ಏಥರ್ ಕಂಪನಿಯ 450 ಸ್ಕೂಟರುಗಳಲ್ಲಿ ಮೋಟಾರಿನ ಬಲ ಚಕ್ರಕ್ಕೆ ಹೋಗುವುದು ಬೆಲ್ಟಿನ ಮೂಲಕ. ಅದೇ ಊರಿನ ಅಲ್ಟ್ರಾವಯಲೆಟ್ ಎಫ್77 ಚೈನನ್ನೇ ನೆಚ್ಚಿದೆ.

ರಚನೆ

ಬೆಲ್ಟಿನ ಬಲವೆಲ್ಲ ಅದರೊಳಗೆ ಉದ್ದಕ್ಕೂ ಸುತ್ತಿದ ನಾರಿನ ಎಳೆಗಳಲ್ಲಿದೆ. ಮೊದಲು ಅರಾಮಿಡ್, ಈಚೆಗೆ ಕಾರ್ಬನ್. ಎಳೆಗಳ ಸುತ್ತ ಪಾಲಿಯುರೆಥೇನ್ ಅಥವಾ ಗಟ್ಟಿ ರಬ್ಬರಿನ ಮೈ. ಹಲ್ಲಿನ ಮೇಲೆ ಸವೆತ ತಡೆಯಲು ನೈಲಾನ್ ಬಟ್ಟೆಯ ಹೊದಿಕೆ. ಎಳೆದರೆ ಈ ನಾರು ಜಗ್ಗುವುದಿಲ್ಲ. ಚೈನು ಉದ್ದವಾಗುವುದು ಅದರ ಪಿನ್ನು, ಬುಷ್ಷುಗಳು ಸವೆದು. ಬೆಲ್ಟಿನಲ್ಲಿ ಸವೆಯಲು ಅಂಥ ಕೀಲುಗಳಿಲ್ಲವಾದ್ದರಿಂದ, ಹೊಸದರಲ್ಲಿ ಒಮ್ಮೆ ಕೂತ ಮೇಲೆ ಬಿಗಿತ ಬಹುಕಾಲ ಹಾಗೇ ಇರುತ್ತದೆ.

ಆದರೆ ನಾರು ಎಳೆತಕ್ಕೆ ಎಷ್ಟು ಗಟ್ಟಿಯೋ ಮಡಿಕೆಗೆ ಅಷ್ಟೇ ನಾಜೂಕು. ಹೊಸ ಬೆಲ್ಟನ್ನು ಕಟ್ಟಿನಿಂದ ಬಿಡಿಸುವಾಗ ಚೂಪಾಗಿ ಮಡಚಿದರೆ, ತಿರುಚಿದರೆ, ಒಳಗಿನದನ್ನು ಹೊರಗಾಗಿಸಿ ಬಗ್ಗಿಸಿದರೆ ಎಳೆಗಳು ಮುರಿಯುತ್ತವೆ. ಹೊರಗೆ ಏನೂ ಕಾಣದು. ಕೆಲವು ಸಾವಿರ ಕಿಲೋಮೀಟರಿನ ಮೇಲೆ ಅದೇ ಜಾಗದಲ್ಲಿ ಬೆಲ್ಟು ಅಡ್ಡಕ್ಕೆ ಕತ್ತರಿಸಿದಂತೆ ತುಂಡಾಗುತ್ತದೆ. ಮುಂದಿನ ಪುಲ್ಲಿಗಿಂತ ಸಣ್ಣ ಸುತ್ತಿಗೆ ಬೆಲ್ಟನ್ನು ಎಂದೂ ಬಗ್ಗಿಸಬಾರದು ಎಂದು ಕೈಪಿಡಿಗಳು ಹೇಳುವುದು ಇದಕ್ಕೇ. ಬೆಲ್ಟಿನ ಬೈಕುಗಳ ಮುಂದಿನ ಪುಲ್ಲಿ ಚೈನಿನ ಸ್ಪ್ರಾಕೆಟ್ಟಿಗಿಂತ ಅಷ್ಟು ದೊಡ್ಡದಾಗಿರುವುದಕ್ಕೂ ಇದೇ ಕಾರಣ. ಮುಂದಿನದು ದೊಡ್ಡದಾದರೆ ಹಿಂದಿನದು ಇನ್ನೂ ದೊಡ್ಡದಾಗಲೇಬೇಕು.

ಯಾವಾಗ ಬದಲಿಸಬೇಕು

ಇಂತಿಷ್ಟು ಕಿಲೋಮೀಟರಿಗೆ ತೆಗೆದುಹಾಕಿ ಎನ್ನುವ ತಯಾರಕರಿದ್ದಾರೆ, ಸ್ಥಿತಿ ನೋಡಿ ನಿರ್ಧರಿಸಿ ಎನ್ನುವವರೂ ಇದ್ದಾರೆ. ಹಾರ್ಲೆ ಎರಡನೆಯ ಗುಂಪಿಗೆ ಸೇರಿದ್ದು. ಒಂದು ಲಕ್ಷ ಕಿಲೋಮೀಟರು ದಾಟಿದ ಬೆಲ್ಟುಗಳು ಅಲ್ಲಿ ಅಪರೂಪವೇನಲ್ಲ. ಆದ್ದರಿಂದ ಕಣ್ಣಿನ ಪರೀಕ್ಷೆಗೇ ಹೆಚ್ಚು ಬೆಲೆ. ಹಿಂಚಕ್ರವನ್ನು ನೆಲದಿಂದ ಎತ್ತಿ, ಗೇರು ನ್ಯೂಟ್ರಲ್‌ಗೆ ಹಾಕಿ, ಎಂಜಿನ್ ಆರಿಸಿ, ಕೈಯಿಂದಲೇ ಚಕ್ರ ತಿರುಗಿಸುತ್ತ ಬೆಲ್ಟಿನ ಪೂರ್ತಿ ಸುತ್ತನ್ನು ನೋಡಬೇಕು. ಎಂಜಿನ್ ಓಡಿಸಿಕೊಂಡು ಈ ಕೆಲಸ ಮಾಡಹೋಗಿ ಬೆರಳು ಕಳೆದುಕೊಳ್ಳುವ ಅಪಾಯ ನಿಜವಾದದ್ದು.

ಕಂಡದ್ದೆಲ್ಲ ಕೇಡಲ್ಲ. ಹಲ್ಲಿನ ಒಳಭಾಗದಲ್ಲಿ ಕೂದಲೆಳೆಯಂಥ ಸೀಳು, ಅಂಚಿನಲ್ಲಿ ನಾರು ಜುಂಗುಜುಂಗಾಗಿ ಎದ್ದಿರುವುದು, ಹೊರ ಅಂಚು ಓರೆಯಾಗಿ ಸವೆದಿರುವುದು, ಹಲ್ಲಿನ ತುದಿಯಲ್ಲಿ ಸಣ್ಣ ಚಕ್ಕೆ ಹಾರಿರುವುದು: ಇವಿಷ್ಟಕ್ಕೆ ಬೆಲ್ಟ್ ಎಸೆಯಬೇಕಿಲ್ಲ, ಗಮನವಿಟ್ಟರೆ ಸಾಕು. ಸೀಳು ಹಲ್ಲಿನ ಹೊರಮೈಗೆ ಬಂದಿದ್ದರೆ, ಒಂದೇ ಒಂದು ಹಲ್ಲು ಉದುರಿದ್ದರೂ ಸರಿಯೇ, ಹಲ್ಲುಗಳು ಕೊಕ್ಕೆಯ ಹಾಗೆ ಒಂದು ಕಡೆಗೆ ಸವೆದಿದ್ದರೆ ಬದಲಿಸಲೇಬೇಕು. ಕಲ್ಲು ಹೊಕ್ಕು ಮಾಡಿದ ತೂತು ನಡುವಿನಲ್ಲಿದ್ದರೆ ಸ್ವಲ್ಪ ಕಾಲ ತಳ್ಳಬಹುದು. ಅಂಚಿನಲ್ಲಿದ್ದರೆ ಅಲ್ಲಿಂದ ಬೆಲ್ಟು ಹರಿಯುತ್ತದೆ.

ನನ್ನ ಅಭಿಪ್ರಾಯದಲ್ಲಿ ಇಲ್ಲಿ ಹೆಚ್ಚಿನವರು ಎಡವುವುದು ಬೆಲ್ಟನ್ನು ನೋಡಿ ಪುಲ್ಲಿಯನ್ನು ಬಿಡುವುದರಲ್ಲಿ. ಬೆಲ್ಟ್ ವಯಸ್ಸಾಗಿ ಸಾಯುವುದು ಕಡಿಮೆ. ಸೊಟ್ಟ ಕೂತ ಚಕ್ರ, ತಪ್ಪು ಬಿಗಿತ, ಸವೆದ ಪುಲ್ಲಿ, ನಡುವೆ ಸಿಕ್ಕ ಕಲ್ಲು ಇವುಗಳಲ್ಲಿ ಒಂದು ಅದನ್ನು ಕೊಂದಿರುತ್ತದೆ. ಕೊಂದದ್ದು ಯಾವುದೆಂದು ಹುಡುಕದೆ ಹೊಸ ಬೆಲ್ಟ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಹಾರ್ಲೆಯ ಹಿಂದಿನ ಪುಲ್ಲಿ ಅಲ್ಯುಮಿನಿಯಮ್ಮಿನದು, ಹಲ್ಲಿನ ಮೇಲೆ ಗಟ್ಟಿ ಕ್ರೋಮಿನ ಲೇಪ. ಲೇಪ ಉಳಿದಿದೆಯೇ ಎಂದು ತಿಳಿಯುವ ಬಗೆ ಸುಲಭ: ಹಲ್ಲುಗಳ ನಡುವಿನ ತಗ್ಗಿನಲ್ಲಿ ಚೂಪಾದ ಮೊಳೆಯನ್ನೋ ಚಾಕುವಿನ ತುದಿಯನ್ನೋ ಮಧ್ಯಮ ಒತ್ತಡದಲ್ಲಿ ಎಳೆಯಬೇಕು. ಜಾರಿಕೊಂಡು ಹೋದರೆ ಕ್ರೋಮ್ ಇದೆ. ಗೀರು ಬಿದ್ದರೆ ಬರಿಯ ಅಲ್ಯುಮಿನಿಯಮ್ ಹೊರಬಿದ್ದಿದೆ, ಅದು ಹೊಸ ಬೆಲ್ಟಿನ ಹಲ್ಲನ್ನು ಅರದ ಹಾಗೆ ತಿನ್ನುತ್ತದೆ.

ಬದಲಿಸುವ ಕ್ರಮ

ಕೆಲಸದ ಅಳತೆ ಮುಂದಿನ ಪುಲ್ಲಿ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಸ್ಪೋರ್ಟ್‌ಸ್ಟರಿನಲ್ಲಿ ಅದು ಬಲಬದಿಯ ಮುಚ್ಚಳದ ಹಿಂದೆಯೇ ಸಿಗುತ್ತದೆ, ಕ್ಲಚ್ಚಿನ ಕಡೆ ಕೈಹಾಕಬೇಕಿಲ್ಲ. ಹಾರ್ಲೆಯ ದೊಡ್ಡ ಎಂಜಿನ್ನಿನ ಗಾಡಿಗಳಲ್ಲಿ ಪುಲ್ಲಿ ಇರುವುದು ಎಡಬದಿಯಲ್ಲಿ, ಎಂಜಿನ್ನಿನಿಂದ ಕ್ಲಚ್ಚಿಗೆ ಬಲ ಒಯ್ಯುವ ಪ್ರೈಮರಿ ಪೆಟ್ಟಿಗೆಯ ಹಿಂದೆ. ಎಣ್ಣೆ ಬಸಿದು, ಹೊರ ಮುಚ್ಚಳ, ಪ್ರೈಮರಿ ಚೈನು, ಕ್ಲಚ್ಚು, ಒಳ ಮುಚ್ಚಳ ಎಲ್ಲ ತೆಗೆದ ಮೇಲೆ ಬೆಲ್ಟಿನ ಮುಖ ಕಾಣುತ್ತದೆ. ಆಮೇಲೆ ಹಿಂಚಕ್ರವನ್ನು ಹಿಡಿದಿರುವ ಸ್ವಿಂಗ್‌ಆರ್ಮಿನ ತಿರುಗುಕೀಲನ್ನು ಸಡಿಲಿಸುವ ಕೆಲಸವೂ ಇರುತ್ತದೆ. ಬೆಲ್ಟಿನ ಬೆಲೆಗಿಂತ ಕೂಲಿ ಹೆಚ್ಚಾಗುವುದು ಹೀಗೆ. ಇಷ್ಟು ಬಿಚ್ಚಿದಾಗ ಮುಂದಿನ ಪುಲ್ಲಿಯ ಹಿಂದಿರುವ ಆಯಿಲ್ ಸೀಲನ್ನು ಹೊಸದಾಗಿ ಹಾಕಿಬಿಡುವುದು ಜಾಣತನ. ಅದೊಂದು ಸೋರಿದರೆ ಮತ್ತೆ ಇಷ್ಟೂ ಬಿಚ್ಚಬೇಕು.

ಈ ದೊಡ್ಡ ಗಾಡಿಗಳಲ್ಲಿ ಮುಂದಿನ ಪುಲ್ಲಿಯ ನಟ್ಟಿಗೆ ಎಡಮರೆ ಇರುತ್ತದೆ, ಎಲ್ಲ ನಟ್ಟಿನಂತೆ ಎಡಕ್ಕೆ ತಿರುಗಿಸಿದರೆ ಇನ್ನೂ ಬಿಗಿಯಾಗುತ್ತದೆ. ಇದು ತಿಳಿಯದೆ ಉದ್ದನೆಯ ಪೈಪು ಹಾಕಿ ಜಗ್ಗಿ ದಂಡದ ಮರೆ ಕೆಡಿಸಿದವರುಂಟು. ನಟ್ಟು ಸಡಿಲವಾಗದಂತೆ ಹಿಡಿಯುವ ಲಾಕ್ ತಗಡಿನ ಸ್ಕ್ರೂಗಳನ್ನು ಹೊಸದಾಗಿ, ಮರೆಗೆ ಹಚ್ಚುವ ಅಂಟಿನ ಸಮೇತ ಹಾಕಬೇಕು; ಬಿಗಿಯುವ ಬಲವನ್ನು ಆಯಾ ಮಾದರಿಯ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು.

ಹಿಂಚಕ್ರ ಬಿಚ್ಚಿದ ಸಮಯದಲ್ಲೇ ಬೇರಿಂಗಿಗೆ ಬೆರಳಿಟ್ಟು ತಿರುಗಿಸಿ ನೋಡಬೇಕು, ಗುಂಭದಲ್ಲಿ ಎಳೆತದ ಪೆಟ್ಟು ತಗ್ಗಿಸುವ ರಬ್ಬರ್ ತುಂಡುಗಳಿದ್ದರೆ ಅವನ್ನೂ ಪರೀಕ್ಷಿಸಬೇಕು. ಹಳೆಯ ಬೆಲ್ಟನ್ನೇ ಮರಳಿ ಹಾಕುವುದಾದರೆ ತೆಗೆಯುವ ಮೊದಲು ಅದು ತಿರುಗುವ ದಿಕ್ಕನ್ನು ಸೀಮೆಸುಣ್ಣದಿಂದ ಗುರುತು ಮಾಡಿಟ್ಟುಕೊಳ್ಳುವುದು ರೂಢಿ. ಹೊಸದನ್ನು ಹಾಕುವಾಗ ಆಕ್ಸಲ್ಲನ್ನು ಪೂರ್ತಿ ಮುಂದಕ್ಕೆ ತಂದು ಸಡಿಲವಾಗಿ ಏರಿಸಬೇಕೇ ವಿನಾ ಸ್ಕ್ರೂಡ್ರೈವರಿನಿಂದ ಮೀಟಿ ಪುಲ್ಲಿಯ ಅಂಚಿನ ಮೇಲೆ ಹತ್ತಿಸಬಾರದು. ಸೈಕಲ್ ಚೈನು ಏರಿಸಿದ ಅಭ್ಯಾಸದಿಂದ ಹಾಗೆ ಮಾಡುವವರು ಬೆಲ್ಟನ್ನು ಗಾಡಿ ಸ್ಟಾರ್ಟ್ ಆಗುವ ಮೊದಲೇ ಮುಗಿಸಿರುತ್ತಾರೆ.

ಬಿಗಿತ ನೋಡುವುದು ಬೆಲ್ಟು ತಣ್ಣಗಿರುವಾಗ. ಕೆಳಸಾಲಿನ ನಡುವಿನಲ್ಲಿ 10 ಪೌಂಡು, ಅಂದರೆ ಸುಮಾರು ನಾಲ್ಕೂವರೆ ಕಿಲೋ ಬಲದಿಂದ ಒತ್ತಿ, ಎಷ್ಟು ಮಿಲಿಮೀಟರು ಬಾಗಿತು ಎಂದು ಅಳೆಯುವುದು ಹಾರ್ಲೆಯ ಪದ್ಧತಿ. ಇದಕ್ಕೆಂದೇ ಸ್ಪ್ರಿಂಗಿನ ಅಳತೆಗೋಲು ಸಿಗುತ್ತದೆ. ಎಷ್ಟು ಬಾಗಬೇಕೆಂಬ ಅಂಕಿ ಮಾದರಿಯಿಂದ ಮಾದರಿಗೆ ಬೇರೆ. ಗಾಡಿ ಪಕ್ಕದ ಸ್ಟ್ಯಾಂಡಿನ ಮೇಲಿರಬೇಕೋ, ಸವಾರ ಕೂತಿರಬೇಕೋ ಎಂಬುದೂ ಬೇರೆ. ಚಕ್ರವನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ಹಲವು ಕಡೆ ಅಳೆದು, ಅತಿ ಬಿಗಿಯಾಗಿ ಸಿಕ್ಕ ಜಾಗವನ್ನೇ ಆಧಾರವಾಗಿ ಹಿಡಿಯಬೇಕು. ಬಿಗಿ ಹೆಚ್ಚಾದರೆ ಗೇರ್‌ಬಾಕ್ಸಿನ ಮತ್ತು ಚಕ್ರದ ಬೇರಿಂಗುಗಳು ಮೊದಲು ಹೋಗುತ್ತವೆ. ಸಡಿಲವಾದರೆ ಜೋರಾಗಿ ಆಕ್ಸಿಲರೇಟರ್ ತಿರುವಿದಾಗ ಬೆಲ್ಟು ಹಲ್ಲು ಹಾರಿಸುತ್ತದೆ. ಒಂದು ಸಲ ಹಾರಿದರೂ ಒಳನಾರಿಗೆ ಪೆಟ್ಟಾಗಿರುತ್ತದೆ ಎಂದೇ ತಿಳಿಯಬೇಕು.

ಬಿಗಿತಕ್ಕಿಂತ ಹೆಚ್ಚು ತಾಳ್ಮೆ ಬೇಡುವುದು ನೇರತೆ. ಸ್ವಿಂಗ್‌ಆರ್ಮ್ ಕೀಲಿನ ನಡುವಿನಿಂದ ಆಕ್ಸಲ್ಲಿನ ನಡುವಿಗೆ ಇರುವ ದೂರ ಎಡಬಲಗಳಲ್ಲಿ ಸಮವಾಗಿರಬೇಕು. ಹಾರ್ಲೆ ಕೈಪಿಡಿ ಒಪ್ಪುವ ವ್ಯತ್ಯಾಸ 1 ಮಿಲಿಮೀಟರಿಗಿಂತಲೂ ಕಡಿಮೆ. ಸ್ವಿಂಗ್‌ಆರ್ಮ್ ಮೇಲೆ ಕೆತ್ತಿದ ಗೆರೆಗಳನ್ನು ನಂಬುವುದಕ್ಕಿಂತ ಕಂಬಿಯೊಂದಕ್ಕೆ ರಬ್ಬರ್ ಉಂಗುರ ತೊಡಿಸಿ ಎರಡೂ ಬದಿ ಅಳೆಯುವುದು ಭರವಸೆಯ ದಾರಿ. ಆಮೇಲೆ ಚಕ್ರ ತಿರುಗಿಸಿದರೆ ಬೆಲ್ಟು ಪುಲ್ಲಿಯ ನಡುವೆ ಇರಬೇಕು, ಇಲ್ಲವೇ ಒಂದು ಅಂಚನ್ನು ಹಗುರವಾಗಿ ಸವರಬೇಕು. ಅಂಚಿಗೆ ಒತ್ತಿ ಕೀರಿದರೆ ಆಕ್ಸಲ್ ಇನ್ನೂ ಸೊಟ್ಟಗಿದೆ. ಕೊನೆಗೆ ಆಕ್ಸಲ್ ನಟ್ಟು ಬಿಗಿದ ಮೇಲೆ ಇನ್ನೊಮ್ಮೆ ಎಲ್ಲವನ್ನೂ ಅಳೆಯಬೇಕು, ಏಕೆಂದರೆ ಬಿಗಿಯುವಾಗಲೇ ಅದು ಸರಿಯುತ್ತದೆ. ಮೊದಲ ಸಾವಿರ ಕಿಲೋಮೀಟರಿನ ಆಸುಪಾಸಿನಲ್ಲಿ ಮತ್ತೊಮ್ಮೆ ನೋಡಿದರೆ ಬಹುಕಾಲ ನಿಶ್ಚಿಂತೆ.

ಬ್ಯುಯೆಲ್ ಎಕ್ಸ್‌ಬಿ ಸಾಲಿನಲ್ಲಿ ಮಾತ್ರ ಈ ರಗಳೆಯೇ ಇಲ್ಲ. ಅಲ್ಲಿ ಆಕ್ಸಲ್ ಹಿಂದೆ ಮುಂದೆ ಸರಿಯುವುದಿಲ್ಲ. ನಡುವೆ ಕೂರಿಸಿದ ಮೂರನೆಯ ಪುಲ್ಲಿ, ಸ್ವಿಂಗ್‌ಆರ್ಮ್ ಮೇಲೆ ಕೆಳಗೆ ಆಡಿದರೂ ಬೆಲ್ಟಿನ ದಾರಿಯ ಉದ್ದ ಬದಲಾಗದಂತೆ ನೋಡಿಕೊಳ್ಳುತ್ತದೆ. ಜಾಣ ಉಪಾಯ, ಬೇರೆಯವರು ಇದನ್ನು ಏಕೆ ಅನುಸರಿಸಲಿಲ್ಲವೋ ಎಂದು ಅಚ್ಚರಿಯಾಗುತ್ತದೆ.

ಸುಧಾರಣೆ

ಅಂಗಡಿಯವರು 'ಅಪ್‌ಗ್ರೇಡ್' ಎಂದು ಮಾರುವುದರಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ. ಮೊದಲನೆಯದು ನಾರಿನ ಬದಲಾವಣೆ: ಅರಾಮಿಡ್ಡಿನ ಜಾಗಕ್ಕೆ ಕಾರ್ಬನ್. ಅದೇ ಅಗಲದಲ್ಲಿ ಹೆಚ್ಚು ಎಳೆತ ತಾಳುತ್ತದೆ, ಅಥವಾ ಅದೇ ಎಳೆತಕ್ಕೆ ಕಡಿಮೆ ಅಗಲ ಸಾಕಾಗುತ್ತದೆ. ಹಿಂದೆ ದಪ್ಪನೆಯ ಟೈರು ಹಾಕಬಯಸುವವರಿಗೆ ಎರಡನೆಯ ಲಾಭ ಮುಖ್ಯ, ಅಗಲ ಕಡಿಮೆಯಾದಷ್ಟೂ ಟೈರಿಗೆ ಜಾಗ. ಎಂಜಿನ್ನಿನ ಬಲ ಹೆಚ್ಚಿಸದ ಗಾಡಿಗೆ ಇದರಿಂದ ಸವಾರಿಯಲ್ಲಿ ಏನೂ ವ್ಯತ್ಯಾಸ ಗೊತ್ತಾಗದು.

ಎರಡನೆಯದು ಅನುಪಾತದ ಬದಲಾವಣೆ, ನಿಜವಾಗಿ ಅನುಭವಕ್ಕೆ ಬರುವುದು ಇದು. ಐರನ್ 883ರಲ್ಲಿ ಮುಂದೆ 28, ಹಿಂದೆ 68 ಹಲ್ಲು, ಅನುಪಾತ 2.43. ಮುಂದೆ 30 ಹಲ್ಲಿನ ಪುಲ್ಲಿ ಕೂರಿಸಿದರೆ 2.27ಕ್ಕೆ ಇಳಿಯುತ್ತದೆ. ಹೆದ್ದಾರಿಯಲ್ಲಿ ಅದೇ ವೇಗಕ್ಕೆ ಎಂಜಿನ್ನು ಸುಮಾರು ಶೇ. 7ರಷ್ಟು ನಿಧಾನ ತಿರುಗುತ್ತದೆ: 3500 ಸುತ್ತು ಇದ್ದದ್ದು 3270ರ ಹತ್ತಿರ ಬರುತ್ತದೆ. ಅದುರುವಿಕೆ ಕಡಿಮೆ. ಬೆಲೆ ತೆರುವುದು ಊರೊಳಗೆ, ನಿಂತಲ್ಲಿಂದ ಎದ್ದು ಹೋಗುವ ಚುರುಕಿನಲ್ಲಿ. 883 ಎಂಜಿನ್ನನ್ನು 1200 ಸಿಸಿಗೆ ಹಿಗ್ಗಿಸಿದವರು ಇದನ್ನು ಮಾಡುವುದರಲ್ಲಿ ಅರ್ಥವಿದೆ. ಮೂಲ ಎಂಜಿನ್ನನ್ನೇ ಇಟ್ಟುಕೊಂಡು ಬೆಂಗಳೂರಿನ ಸಿಗ್ನಲ್ಲುಗಳ ನಡುವೆ ಓಡಿಸುವವರು ಮಾಡಬಾರದು.

ಇಲ್ಲಿ ಲೆಕ್ಕ ತಪ್ಪುವ ಜಾಗವೊಂದಿದೆ. ಬೆಲ್ಟು ಪ್ರತಿ ಪುಲ್ಲಿಯನ್ನೂ ಸುಮಾರು ಅರ್ಧ ಸುತ್ತು ಮಾತ್ರ ಅಪ್ಪಿರುವುದರಿಂದ, ಪುಲ್ಲಿಗೆ ಎರಡು ಹಲ್ಲು ಸೇರಿದರೆ ಬೆಲ್ಟಿಗೆ ಒಂದು ಹಲ್ಲಿನಷ್ಟು ಉದ್ದ ಬೇಕು. ಹಲ್ಲಿನಿಂದ ಹಲ್ಲಿಗೆ ದೂರ ಸುಮಾರು 14 ಮಿಲಿಮೀಟರು ಎಂದಿಟ್ಟುಕೊಂಡರೆ, ಹಳೆಯ ಬೆಲ್ಟನ್ನೇ ಬಳಸಲು ಆಕ್ಸಲ್ಲನ್ನು 7 ಮಿಲಿಮೀಟರು ಮುಂದಕ್ಕೆ ತರಬೇಕು. ಹೊಂದಿಸುವ ಸೀಳಿನಲ್ಲಿ ಅಷ್ಟು ಜಾಗ ಉಳಿದಿದೆಯೇ, ಟೈರು ಮುಂದೆ ತಗಲುವುದಿಲ್ಲವೇ ಎಂದು ನೋಡಿಕೊಂಡೇ ಪುಲ್ಲಿ ಕೊಳ್ಳಬೇಕು. ಚೈನಾದರೆ ಕೊಂಡಿ ಸೇರಿಸಿ ಕೈತೊಳೆಯಬಹುದಿತ್ತು. ವೇಗಮಾಪಕದ ಸಂವೇದಕ ಗೇರ್‌ಬಾಕ್ಸಿನಲ್ಲಿರುವ ಗಾಡಿಗಳಲ್ಲಿ ಇನ್ನೊಂದು ತೊಡಕು: ಪುಲ್ಲಿ ಬದಲಾದದ್ದು ಅದಕ್ಕೆ ತಿಳಿಯದು. ಮೇಲಿನ ಉದಾಹರಣೆಯಲ್ಲಿ ಮುಳ್ಳು 80 ತೋರಿಸುವಾಗ ಗಾಡಿ 85ನ್ನು ದಾಟಿರುತ್ತದೆ. ಮರುಹೊಂದಿಕೆ ಮಾಡಿಸದಿದ್ದರೆ ದಂಡ ಕಟ್ಟುವವರು ಸವಾರರೇ.

ಮೂರನೆಯದು ಬಗೆಯನ್ನೇ ಬದಲಿಸುವುದು. ಚೈನಿನ ಬೈಕಿಗೆ ಬೆಲ್ಟ್ ಹಾಕುವ ಕಿಟ್‌ಗಳು ಕೆಲವು ಮಾದರಿಗಳಿಗೆ ಸಿಗುತ್ತವೆ. ದೊಡ್ಡ ಪುಲ್ಲಿಗೆ ಜಾಗ, ಅಗಲಕ್ಕೆ ಜಾಗ, ಸ್ವಿಂಗ್‌ಆರ್ಮಿನೊಳಗೆ ಬೆಲ್ಟನ್ನು ತೂರಿಸುವ ದಾರಿ ಮೂರೂ ಬೇಕಾದ್ದರಿಂದ ಎಲ್ಲಕ್ಕೂ ಆಗದು. ತಿರುಗುಮುರುಗಾಗಿ ಬೆಲ್ಟು ತೆಗೆದು ಚೈನು ಹಾಕುವವರೂ ಇದ್ದಾರೆ. ಅಮೆರಿಕದಲ್ಲಿ 2020ರಲ್ಲಿ ಶುರುವಾದ, ಪಕ್ಕಪೆಟ್ಟಿಗೆಗಳಿರುವ ದೊಡ್ಡ ಗಾಡಿಗಳ ಕಿಂಗ್ ಆಫ್ ದ ಬ್ಯಾಗರ್ಸ್ ಓಟದಲ್ಲಿ ಹಾರ್ಲೆ ಮತ್ತು ಇಂಡಿಯನ್ ಗಾಡಿಗಳು ಚೈನಿನ ಮೇಲೆ ಓಡುತ್ತವೆ. ಪ್ರತಿ ಮೈದಾನಕ್ಕೂ ಅನುಪಾತ ಬದಲಿಸಬೇಕಾದ ಓಟಗಾರರಿಗೆ ಬೆಲ್ಟ್ ಕೈಕಟ್ಟಿಹಾಕುತ್ತದೆ.

ಆರೈಕೆ ಮತ್ತು ತುರ್ತು

ನಿತ್ಯದ ಆರೈಕೆ ಹೆಚ್ಚಿಲ್ಲ. ಕೆಸರು, ಧೂಳನ್ನು ಸೋಪಿನ ನೀರಿನಿಂದ ತೊಳೆದರಾಯಿತು. ಗ್ರೀಸು, ಎಣ್ಣೆ, ಪೆಟ್ರೋಲು ಮುಟ್ಟಿಸಬಾರದು. ಸರ್ವಿಸ್ ಮಾಡುವ ಹುಡುಗರು ಅಭ್ಯಾಸಬಲದಿಂದ ಚೈನ್ ಸ್ಪ್ರೇ ಹೊಡೆದುಬಿಡುವುದುಂಟು, ಮೊದಲೇ ಹೇಳಿಡುವುದು ಕ್ಷೇಮ. ಕೆಳಗಿನ ಕಲ್ಲುತಡೆಯ ತಗಡನ್ನು ಅಂದಕ್ಕಾಗಿ ಬಿಚ್ಚಿಡುವವರಿದ್ದಾರೆ. ಜಲ್ಲಿರಸ್ತೆ ದಾಟಬೇಕಾದವರು ಆ ಗೋಜಿಗೆ ಹೋಗಬಾರದು.

ದಾರಿಯಲ್ಲಿ ಬೆಲ್ಟು ತುಂಡಾದವರಿಗಾಗಿ, ಎರಡು ತುದಿಗಳನ್ನು ಪಿನ್ನಿನಿಂದ ಸೇರಿಸುವ ತುರ್ತು ಬೆಲ್ಟುಗಳು ಮಾರುಕಟ್ಟೆಯಲ್ಲಿವೆ. ಏನನ್ನೂ ಬಿಚ್ಚದೆ ಹಾಕಬಹುದು, ನಿಧಾನವಾಗಿ ಓಡಿಸಿ ಹತ್ತಿರದ ಊರು ಸೇರಬಹುದು. ದೂರದ ಪ್ರಯಾಣಕ್ಕೆ ಹೊರಡುವವರು ತಮ್ಮ ಮಾದರಿಯ ಹಲ್ಲಿನ ಸಂಖ್ಯೆಗೂ ಅಗಲಕ್ಕೂ ಹೊಂದುವ ಅಂಥದೊಂದನ್ನು, ದೊಡ್ಡ ಸುರುಳಿಯಾಗಿ ಸುತ್ತಿ, ಸಾಮಾನಿನ ಚೀಲದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.